ಬಂದದೋ, ಬಂದ್ ಅದೋ

ಆ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇವು. ನಳ ಬಂದ ಕೂಡಲೇ ಬ್ಯಾರಲ್ ತೊಳೆದು ನೀರು ತುಂಬಿಸಿದೆ. ರೊಟ್ಟಿ ಬಡಿದೆ, ಹಿಂದಿನ ಸಂಜೆ ಸೋಸಿಟ್ಟ ಪುಂಡಿ ಸೊಪ್ಪು ಕುದಿಸಿ ಪಲ್ಯ ಮಾಡಿದೆ. ಮಾನ್ವಿಯ ಶಾಲೆಯಲ್ಲಿ ಮಾಸ್ತರಾಗಿರುವ ಯಜಮಾನರಿಗೆ ಡಬ್ಬಿ ಕಟ್ಟಿ ಬಸ್ಸಿಗೆ ಕಳಿಸಿದೆ. ಅತ್ತೆಗೆ ಬಿಪಿ ಗುಳಿಗೆ ಕೊಟ್ಟೆ. ನುಂಗಿದ್ದಾರೋ ಇಲ್ಲವೋ ಎಂದು ಅವರು ಆಚೆ ಹೋದ ಮೇಲೆ ದಿಂಬು ಎತ್ತಿ ನೋಡಿದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು, ಮೋಡದ ಬಣ್ಣ ನೋಡಿ, ಕೆಳಗಿಳಿಸಿದೆ. ರವಿಕೆಗೆ ಕಿತ್ತುಹೋಗಿದ್ದ ಹುಕ್ಕು ಹಾಕಿಕೊಂಡೆ. ಆಮೇಲೆ ಆಫೀಸಿಗೆ ಹೋಗಿ, ದೇವದುರ್ಗ ಕಡೆಯ ಕಾಲುವೆಯ ಸುದ್ದಿಯನ್ನು ಜನರ ಫೋನಿಗೆ ಮುಟ್ಟಿಸುವ ಕನೆಕ್ಟರ್ ಒಂದನ್ನು ಚಾಲೂ ಮಾಡಿದೆ.

ಇದರಲ್ಲಿ ಕೊನೆಯದೊಂದೇ ಹೊಸ ಕೆಲಸ. ಉಳಿದವನ್ನು ಇವತ್ತು ಬೆಳಿಗ್ಗೆಯೂ ಮಾಡಿ ಬಂದಿದ್ದೇನೆ. ಆ ಕೊನೆಯದನ್ನು ಮಾತ್ರ ಇನ್ನೂ ಮರೆಯಲಾಗಿಲ್ಲ.

ಅದು ಕಳೆದ ವರ್ಷದ ಆಷಾಢ. ರಾಯಚೂರಿನಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಂಪನಿ ಚಿಕ್ಕದು, ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ನಾನು ಇಲ್ಲಿ ಡೇಟಾ ಕೋಆರ್ಡಿನೇಟರ್. ಹೆಸರು ದೊಡ್ಡದಾದರೂ ಕೆಲಸ ಇಷ್ಟೇ: ಕಾಲುವೆಯ ಒಂದೊಂದು ಗೇಟಿನಲ್ಲಿ ಇರುವವರು ತಮ್ಮ ಫೋನಿನಲ್ಲಿ ಬರೆದು ಕಳಿಸುವ ಸುದ್ದಿ ಸರಿಯಾಗಿ ಬರುತ್ತಿದೆಯೋ ಇಲ್ಲವೋ ನೋಡುವುದು, ನಿಂತರೆ ಯಾಕೆ ನಿಂತಿತು ಎಂದು ಹುಡುಕುವುದು. ನಮ್ಮವ್ವ ಕಾಲುವೆ ಹೂಳು ಹೊತ್ತವಳು. ನನ್ನನ್ನು ಡಿಪ್ಲೊಮಾ ಓದಿಸಿದಳು. ಅವಳು ಬುಟ್ಟಿಯಲ್ಲಿ ಹೊತ್ತ ಕಾಲುವೆಯನ್ನೇ ನಾನು ಸ್ಕ್ರೀನಿನಲ್ಲಿ ನೋಡುತ್ತಿದ್ದೇನೆ ಎಂದು ಎಷ್ಟೋ ಸಲ ಅನ್ನಿಸಿದೆ.

ಕೆಲಸದ ಮಾತು ಒಂದೆರಡು ಹೇಳಲೇಬೇಕು. ಗೇಟಿನವರು ಬರೆದದ್ದು ಮೊದಲು ಒಂದು ಡೇಟಾಬೇಸಿನಲ್ಲಿ ಸಾಲಾಗಿ ಕೂರುತ್ತದೆ. ಅಲ್ಲಿ ಕೂತರೆ ಯಾರಿಗೂ ಉಪಯೋಗವಿಲ್ಲ. ಅದನ್ನು ಎತ್ತಿ ಮೆಸೇಜ್ ಸ್ಟ್ರೀಮಿಂಗ್ ವೇದಿಕೆಗೆ ಹಾಕಬೇಕು. ಆ ವೇದಿಕೆಯನ್ನು ನಮ್ಮ ಬಸ್‌ಸ್ಟ್ಯಾಂಡ್ ಎಂದುಕೊಳ್ಳಿ. ದೇವದುರ್ಗದ ಬಸ್ಸು ಒಂದು ಕಡೆ ನಿಲ್ಲುತ್ತದೆ, ಮಾನ್ವಿಯದು ಇನ್ನೊಂದು ಕಡೆ. ಬೇಕಾದವರು ಅಲ್ಲಲ್ಲಿಗೆ ಹೋಗಿ ಹತ್ತುತ್ತಾರೆ. ಹಾಗೆ ಒಂದೊಂದು ಬಗೆಯ ಸುದ್ದಿಗೆ ಒಂದೊಂದು ಜಾಗ. ಅದಕ್ಕೆ ಟಾಪಿಕ್ ಎನ್ನುತ್ತಾರೆ. ರೈತರಿಗೆ, ಕಾಲುವೆ ಕೆಲಸದವರಿಗೆ ಎಸ್ಸೆಮ್ಮೆಸ್ ಕಳಿಸುವ ಪ್ರೋಗ್ರಾಂ ಅಲ್ಲಿಂದ ತನಗೆ ಬೇಕಾದ್ದನ್ನು ಓದಿಕೊಳ್ಳುತ್ತದೆ. ಡೇಟಾಬೇಸಿನಿಂದ ಟಾಪಿಕ್ಕಿಗೆ ಸುದ್ದಿಯನ್ನು ಹೊತ್ತು ತರುವುದೇ ಕನೆಕ್ಟರ್. ಅದನ್ನು ಹೊಸದಾಗಿ ಬರೆಯಬೇಕಿಲ್ಲ. ಒಂದು ಚಿಕ್ಕ ಕಡತದಲ್ಲಿ ಎಲ್ಲಿಂದ ಎತ್ತಬೇಕು, ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಎಲ್ಲಿ ಹಾಕಬೇಕು, ದಾರಿಯಲ್ಲಿ ಏನು ತಿದ್ದಬೇಕು ಎಂದು ಹೇಳಿದರೆ ಸಾಕು. ಹೀಗೆ ಹೇಳುವುದಕ್ಕೆ ಕಾನ್ಫಿಗರ್ ಮಾಡುವುದು ಎನ್ನುತ್ತೇವೆ.

ಆ ‘ದಾರಿಯಲ್ಲಿ ತಿದ್ದುವುದು’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮ ಗೇಟಿನವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಿದ್ದರು. ಸಣ್ಣ ಫೋನು, ದಪ್ಪ ಬೆರಳು. ಒಂದು ಶಬ್ದದ ನಡುವೆ ಎರಡು ಸಲ ಖಾಲಿ ಜಾಗ ಬೀಳುತ್ತಿತ್ತು, ಕೊನೆಗೆ ಇನ್ನೆರಡು. ಕಂಪ್ಯೂಟರಿಗೆ ಇದು ಗೊಂದಲ. ಅದಕ್ಕಾಗಿ ಖಾಲಿ ಜಾಗಗಳನ್ನೆಲ್ಲ ತೆಗೆದುಹಾಕು ಎಂಬ ಒಂದು ಸಾಲು ಕಾನ್ಫಿಗರೇಶನ್ನಿನಲ್ಲಿತ್ತು. ಹೀಗೆ ಕೂಡಿಕೊಂಡ ಶಬ್ದಕ್ಕೆ ಅರ್ಥ ಹೇಳಲು ಒಂದು ಪುಟ್ಟ ಪದಪಟ್ಟಿ ಇತ್ತು. ಬೇರೆ ಜಿಲ್ಲೆಯಲ್ಲಿ ಇದು ಒಂದು ಹಂಗಾಮು ಚೆನ್ನಾಗಿಯೇ ನಡೆದಿತ್ತು. ನಮ್ಮಲ್ಲಿ ಮೊದಲು ಮಾನ್ವಿಯಲ್ಲಿ ಪರೀಕ್ಷೆ ಮಾಡಿದೆವು. ಬಾಗಲವಾಡ ಕಡೆಯ ಗೇಟುಗಳಿಗೆ ನಾನೇ ಹೋಗಿ ಕೂತು ನೋಡಿದೆ. ಅವರು ನೀರು ಬಿಟ್ಟರೆ ‘ಚಾಲೂ ಅದ’ ಎಂದು ಬರೆಯುತ್ತಿದ್ದರು, ನಿಲ್ಲಿಸಿದರೆ ‘ಬಂದ್ ಅದ’ ಎಂದು. ಒಂದೂ ತಪ್ಪಲಿಲ್ಲ. ಹಾಗಾಗಿ ಅವೇ ಶಬ್ದಗಳು ಪದಪಟ್ಟಿಗೆ ಸೇರಿದವು.

ಇನ್ನು ನನ್ನ ತಂಗಿ ನಾಗಮ್ಮ. ನಾವು ನಾಗಿ ಎನ್ನುತ್ತೇವೆ. ದೇವದುರ್ಗದಲ್ಲಿ ಇರುತ್ತಾಳೆ. ಅವಳು ಓದಲಿಲ್ಲ, ಅವ್ವನ ಕೆಲಸ ಹಿಡಿದಳು. ಹೆಣ್ಣಾಳುಗಳ ಒಂದು ಗ್ಯಾಂಗಿಗೆ ಈಗ ಅವಳೇ ಮುಂದಾಳು. ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಡುವ ಮುಂಚೆ ಹೂಳು ತೆಗೆಯುವುದು ಅವರ ಕೆಲಸ. ಆ ವಾರ ಅವರು ಸೈಫನ್ ಒಳಗೆ ಇಳಿಯುತ್ತಿದ್ದರು. ಕಾಲುವೆಗೆ ಹಳ್ಳ ಅಡ್ಡ ಬಂದ ಕಡೆ, ಕಾಲುವೆಯ ನೀರು ಹಳ್ಳದ ಕೆಳಗೆ ಹಾದು ಆಚೆ ಏಳುವಂತೆ ಸಿಮೆಂಟಿನ ಸುರಂಗ ಕಟ್ಟಿರುತ್ತಾರೆ, ಅದೇ ಸೈಫನ್. ಎರಡು ತುದಿಗೆ ಬಾಯಿ, ನಡುವೆ ಕತ್ತಲೆ. ಬಗ್ಗಿಕೊಂಡು ಹೋಗಬೇಕು, ಬಗ್ಗಿಕೊಂಡೇ ಹೊತ್ತು ತರಬೇಕು. ಒಳಗಿದ್ದಾಗ ನೀರು ಬಂದರೆ ಓಡಲು ಜಾಗವಿಲ್ಲ.

ಮೊದಲೆಲ್ಲ ಈ ಗ್ಯಾಂಗಿಗೆ ಸುದ್ದಿ ಕೊಡುತ್ತಿದ್ದವರು ಗೇಟು ನೋಡಿಕೊಳ್ಳುವ ಮೌಲಾಸಾಬ್ ಚಾಚಾ. ಗೇಟು ಎತ್ತುವ ಮುಂಚೆ ಕಾಲುವೆಯ ದಂಡೆಗುಂಟ ಲೂನಾ ಗಾಡಿಯಲ್ಲಿ ಹೋಗಿ, ಕೆಳಗಿದ್ದವರನ್ನು ಕೂಗಿ ಎಬ್ಬಿಸಿ ಬರುತ್ತಿದ್ದರು. ವಯಸ್ಸಾಗಿತ್ತು, ದಂಡೆಯ ದಾರಿ ಕೆಟ್ಟಿತ್ತು. ಹೊಸ ವ್ಯವಸ್ಥೆ ಬರುತ್ತಿದೆ ಎಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ. “ಇನ್ನ ಬರೇ ಬಟನ್ ಒತ್ತೂದಲ್ಲೇನವ್ವಾ? ನನ್ನ ಸೊಂಟ ನಿನಗ ದುವಾ ಮಾಡ್ತದ” ಎಂದಿದ್ದರು.

ಆ ದಿನ ಮೊದಲಿಗೆ ಅವರ ಗೇಟು ಒಂದನ್ನೇ ಜೋಡಿಸುವುದೆಂದು ಇತ್ತು. ಬೆಂಗಳೂರಿನಿಂದ ಪ್ರಣವ್ ಎಂಬ ಎಂಜಿನಿಯರ್ ಫೋನಿನಲ್ಲಿದ್ದರು. ನನಗಿಂತ ಚಿಕ್ಕವರು, ತಾಳ್ಮೆಯವರು. ಇಬ್ಬರೂ ಒಂದೊಂದು ಸಾಲು ಓದಿ ನೋಡಿದೆವು. ಹಳೆಯ ಸಾಲುಗಳನ್ನು ಬಿಟ್ಟು ಹೊಸದನ್ನು ಮಾತ್ರ ಎತ್ತಬೇಕು, ಸರಿ. ದೇವದುರ್ಗದ ಟಾಪಿಕ್ಕಿನ ಹೆಸರು, ಸರಿ. ಖಾಲಿ ಜಾಗ ತೆಗೆಯುವ ಸಾಲು. ಮಾನ್ವಿಯಲ್ಲಿ ಇದ್ದ ಹಾಗೆಯೇ ಇರಲಿ. ಚಾಲೂ ಮಾಡಿದೆ. ಕನೆಕ್ಟರ್ ಓಡುತ್ತಿದೆ ಎಂದು ಹಸಿರು ಗುರುತು ಬಂತು. ನಾವು ಕಾಯುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಮೌಲಾಸಾಬರ ಮೊದಲ ಸುದ್ದಿ ಸ್ಕ್ರೀನಿಗೆ ಬಂತು: ಸ್ಥಿತಿ, ಬಂದ್.

“ಬಂತು ಮೇಡಂ, ಬಂತು! ಕಂಗ್ರಾಟ್ಸ್” ಎಂದರು ಪ್ರಣವ್. ನಾನೂ ನಕ್ಕೆ. ಹೊಸ ಕೆಲಸ ಮೊದಲ ಸಲಕ್ಕೇ ಆದಾಗಿನ ಸಂತೋಷವೇ ಬೇರೆ. ಕೆಳಗಿನ ಹೋಟೆಲಿನಿಂದ ಚಹಾ ತರಿಸಿಕೊಂಡೆ.

ಚಹಾ ಕುಡಿಯುತ್ತಿರುವಾಗಲೇ ನಾಗಿಯ ಫೋನು.

“ಅಕ್ಕಾ, ನಿನ್ನ ಮೆಸೇಜ್ ಬಂತು ನೋಡು! ‘ಕಾಲುವೆಯಲ್ಲಿ ನೀರು ಬಂದ್ ಇದೆ’ ಅಂತ. ನಮ್ಮ ಗ್ಯಾಂಗಿನ ಹುಲಿಗೆವ್ವನ ಮಗಳು ಓದಿ ಹೇಳಿದ್ಲು. ನಮ್ಮಕ್ಕ ಕಳಿಸಿದ್ದು ಅಂತ ಎಲ್ಲಾರಿಗೂ ತೋರಿಸೀನಿ.”

“ಹೌದೇನ? ಜ್ವಾಕಿಲೆ ಇಳೀರಿ.”

“ಇಳಿಯಾಕತ್ತೀವಿ. ಇನ್ನ ಆ ಚಾಚಾನ ದಾರಿ ಕಾಯೂದು ತಪ್ಪಿತು ಬಿಡು.”

ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ನಾನು ಮಾಡಿದ ಕೆಲಸ ನನ್ನ ಒಡಹುಟ್ಟಿದವಳ ಕೈಗೆ ಮುಟ್ಟಿತ್ತು.

ಊಟದ ಡಬ್ಬಿ ತೆರೆಯುವ ಮುಂಚೆ ಇನ್ನೊಮ್ಮೆ ಸ್ಕ್ರೀನು ನೋಡಿದೆ. ಇದು ನನ್ನ ರೂಢಿ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಬಾಗಿಲು ಹಾಕುವಾಗ ಇನ್ನೊಮ್ಮೆ ನೋಡುವ ಹಾಗೆ. ಗೇಟಿನವರು ಸ್ಥಿತಿಯ ಜೊತೆಗೆ ನೀರಿನ ಆಳವನ್ನೂ ಅಂಕಿಯಲ್ಲಿ ಬರೆಯುತ್ತಾರೆ. ಮೌಲಾಸಾಬರ ಮೊದಲ ಸಾಲಿನಲ್ಲಿ ಸ್ಥಿತಿ ಬಂದ್, ಆಳ ಒಂದು ಅಡಿ. ನಿಂತ ನೀರು ಇರಬಹುದು ಅಂದುಕೊಂಡೆ. ಅದರ ಕೆಳಗೆ ಎರಡನೆಯ ಸಾಲು ಬಂದಿತ್ತು. ಸ್ಥಿತಿ ಬಂದ್. ಆಳ ಮೂರು ಅಡಿ.

ಬಂದ್ ಆಗಿರುವ ಕಾಲುವೆಯಲ್ಲಿ ನೀರು ಏರುತ್ತದೆಯೇ?

ಡಬ್ಬಿಯನ್ನು ಹಾಗೇ ಬಿಟ್ಟು ಮೌಲಾಸಾಬರಿಗೆ ಫೋನು ಹಚ್ಚಿದೆ. ಮೊದಲನೆಯ ಸಲಕ್ಕೇ ಎತ್ತಿದರು.

“ಚಾಚಾ, ಕಾಲುವಿ ನೀರು ಏನಾಗ್ಯದ್ರಿ?”

“ಬಂದದವ್ವಾ.”

ಎದೆಯ ಭಾರ ಇಳಿಯಿತು. ಬಂದ್ ಅದ. ಅಂಕಿ ತಪ್ಪು ಬರೆದಿರಬೇಕು. “ಆತು ಚಾಚಾ” ಎಂದು ಫೋನು ಇಡಲು ಹೋದೆ. ಆಗ ಅವರ ಮಾತಿನ ಹಿಂದೆ ಏನೋ ಸದ್ದು ಕೇಳಿತು. ಹಿಟ್ಟಿನ ಗಿರಣಿಯೊಳಗೆ ನಿಂತು ಮಾತಾಡಿದಂತೆ, ಒಂದೇ ಸಮನೆ ಭೋ ಎನ್ನುವ ಸದ್ದು. ಅವರ ಗೇಟಿನ ಹತ್ತಿರ ಗಿರಣಿ ಇಲ್ಲ.

“ಚಾಚಾ, ಅದೇನು ಸಪ್ಪಳ?”

“ನೀರಿಂದವ್ವಾ.”

“ಬಂದದೋ, ಬಂದ್ ಅದೋ?”

“ಬಂದದವ್ವಾ, ಬಂದದ!”

ಎದುರಿಗಿದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಈ ಎರಡು ಮಾತನ್ನೂ ಆಡಿದ್ದೇವೆ. ಮುಖ ನೋಡಿದರೆ, ಕೈ ಎತ್ತ ತೋರಿಸುತ್ತಿದೆ ಎಂದು ನೋಡಿದರೆ ಯಾವುದೆಂದು ತಿಳಿಯುತ್ತದೆ. ಫೋನಿಗೆ ಮುಖವಿಲ್ಲ, ಕೈಯಿಲ್ಲ.

“ಗೇಟ್ ಎತ್ತೀರೋ ಇಳಿಸೀರೋ, ಅಷ್ಟು ಹೇಳ್ರಿ ಚಾಚಾ.”

“ಎತ್ತೀನವ್ವಾ! ಕುಡಿಯೋ ನೀರಿನ ಕೆರಿ ತುಂಬಸಬೇಕು, ಇವತ್ತ ಬಿಡು ಅಂತ ಮುಂಜಾನಿ ಹೇಳಿದ್ರು. ನಿನ್ನ ಫೋನಿನ್ಯಾಗ ಬರದು ಹಾಕೀನಲ್ಲ, ಬಂದದ ಅಂತ. ಹೋಗಿಲ್ಲೇನು?”

ಹೋಗಿತ್ತು. ಮಾನ್ವಿಯವರು ‘ಬಂದ್ ಅದ’ ಎಂದು ನಡುವೆ ಜಾಗ ಬಿಟ್ಟು ಬರೆದಿದ್ದರು. ಕನೆಕ್ಟರ್ ಆ ಜಾಗವನ್ನು ತೆಗೆದು ಎರಡನ್ನೂ ಕೂಡಿಸಿತ್ತು. ಕೂಡಿದ ಆ ಶಬ್ದಕ್ಕೆ ‘ನೀರು ನಿಂತಿದೆ’ ಎಂದು ಪದಪಟ್ಟಿಯಲ್ಲಿ ಬರೆದಿಟ್ಟಿದ್ದೆವು. ಮೌಲಾಸಾಬ್ ನೀರು ಬಂದಿದೆ ಎನ್ನಲು ‘ಬಂದದ’ ಎಂದು ಕೂಡಿಸಿಯೇ ಬರೆದಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಅವೇ ಏಳು ಅಕ್ಷರ. ನಡುವೆ ಒಂದು ಖಾಲಿ ಜಾಗ ಇದ್ದರೆ ಕಾಲುವೆ ಒಣಗಿದೆ, ಇಲ್ಲದಿದ್ದರೆ ನೀರು ತುಂಬಿ ಬರುತ್ತಿದೆ. ಆ ಜಾಗವನ್ನು ಕಸವೆಂದು ಗುಡಿಸಿ ಹಾಕಿದ್ದೆವು.

“ಚಾಚಾ, ಗೇಟ್ ಇಳಿಸ್ರಿ, ಈಗಿಂದೀಗ. ನಾಗಿ ಗ್ಯಾಂಗ್ ಸೈಫನ್‌ದಾಗ ಇಳದದ.”

“ಯಾ ಅಲ್ಲಾ. ಇಳಸ್ತೀನವ್ವಾ, ಇಳಸ್ತೀನಿ. ಆದ್ರ ಹೋದ ನೀರು ಹೋತು. ಅದನ್ನ ಹೆಂಗ ಹಿಡೀಲಿ?”

ಗೇಟಿನಿಂದ ಸೈಫನ್ನಿಗೆ ದೂರವಿದೆ. ಒಣಗಿದ ಕಾಲುವೆಯಲ್ಲಿ ಮೊದಲ ನೀರು ಮಣ್ಣು ಕುಡಿಯುತ್ತ, ಕಸ ನೂಕುತ್ತ ನಿಧಾನ ಬರುತ್ತದೆ. ಎಷ್ಟು ನಿಧಾನ ಎಂಬುದು ಯಾರಿಗೂ ಗೊತ್ತಿಲ್ಲ. ಅವರು ಗೇಟು ಎತ್ತಿ ಆಗಲೇ ಬಹಳ ಹೊತ್ತಾಗಿತ್ತು.

ನಾಗಿಗೆ ಫೋನು ಮಾಡಿದೆ. ಬಾರಿಸಿತು, ಬಾರಿಸಿ ನಿಂತಿತು. ಮತ್ತೆ ಮಾಡಿದೆ. ಕೆಲಸಕ್ಕೆ ಇಳಿಯುವಾಗ ಅವರು ಫೋನನ್ನು ಬುತ್ತಿಯ ಗಂಟಿನಲ್ಲಿ ಇಟ್ಟು, ದಂಡೆಯ ಮೇಲಿನ ಜಾಲಿ ಗಿಡದ ನೆರಳಿಗೆ ಬಿಟ್ಟು ಹೋಗುತ್ತಾರೆ. ರೊಟ್ಟಿಗಳ ನಡುವೆ ಅದು ಬಾರಿಸುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಗಡಿಬಿಡಿಯಲ್ಲಿ ಇನ್ನೊಮ್ಮೆ ಒತ್ತಲು ಹೋಗಿ ಅತ್ತೆಯ ನಂಬರು ಒತ್ತಿದೆ. “ಗುಳಿಗಿ ನುಂಗೀನಿ, ಎಷ್ಟು ಸಲ ಕೇಳ್ತಿ?” ಎಂದರು ಅತ್ತೆ. ಕರೆ ಕಟ್ ಮಾಡಿದೆ.

ಮತ್ತೆ ನಾಗಿಗೆ. ಈ ಸಲ ಯಾರೋ ಎತ್ತಿದರು.

“ಯಾರ್ರೀ ಇದು, ಒಂದಾ ಸವನ ಬಡಕೊಳ್ಳಾಕತ್ತೀರಿ? ನನ್ನ ಕುರಿ ಬೆದರಾಕತ್ತಾವ.”

ಗಂಡಸಿನ ದನಿ, ವಯಸ್ಸಾದವರದು. ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದ ಅಮರಪ್ಪ ಎಂಬವರು. ಹೆಸರು ಗೊತ್ತಾದದ್ದು ಆಮೇಲೆ.

“ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ. ಸೈಫನ್ ಒಳಗ ಹೆಣ್ಣಮಕ್ಕಳು ಅದಾರಲ್ಲ, ಅವರಿಗೆ ಕೂಗಿ ಹೇಳ್ರಿ. ನೀರು ಬಂದದ ಅಂತ ಹೇಳ್ರಿ.”

“ನೀರಾ?” ಅವರು ಓಡಿದ್ದು ಉಸಿರಿನಲ್ಲಿ ಕೇಳಿತು. ಆಮೇಲೆ ಸೈಫನ್ನಿನ ಬಾಯಿಗೆ ಬಗ್ಗಿ ಅವರು ಕೂಗಿದ್ದು ನನ್ನ ಕಿವಿಗೇ ಹೊಡೆಯಿತು. “ಏ ನಾಗವ್ವಾ! ನೀರು ಬಂದದ! ನೀರು ಬಂದದ!”

ಸುರಂಗದೊಳಗೆ ಆ ಮಾತು ಗುಂಯ್ ಎಂದು ತಿರುಗಿತು. ಒಳಗಿನಿಂದ ನಗು ಕೇಳಿತು. ದೂರದಿಂದ, ಬಾವಿಯ ತಳದಿಂದ ಬಂದಂತೆ, ನನ್ನ ತಂಗಿಯ ದನಿ.

“ಗೊತ್ತದ ಬಿಡೋ ಮುತ್ಯಾ! ಬಂದ್ ಅದ ಅಂತ ಮೆಸೇಜೇ ಬಂದದ!”

ಇನ್ನೊಬ್ಬಳು ಸೇರಿಸಿದಳು: “ನಿನಗೇನು ಮಾಡೂದದ? ಕುರಿ ಎಣಿಸಿಕೋ ಹೋಗು!”

ಮತ್ತೆ ನಗು.

ಅಮರಪ್ಪ ಫೋನಿಗೆ ಬಂದರು. “ಅವರಿಗೆ ಮೊದಲಾ ಗೊತ್ತದಂತವ್ವಾ. ನಗಾಕತ್ತಾರ.”

ಅವತ್ತು ನನಗೆ ಆದ ಹೆದರಿಕೆಯನ್ನು ಹೇಗೆ ಬರೆಯಬೇಕೋ ತಿಳಿಯದು. ನೀರು ಬಂದಿದೆ ಎಂದು ಹೇಳಲು ನನ್ನ ಬಾಯಲ್ಲಿ ಇದ್ದ ಮಾತೇ ನೀರು ಇಲ್ಲ ಎಂದು ಅವರ ಕಿವಿಗೆ ಬೀಳುತ್ತಿತ್ತು. ಕಂಪ್ಯೂಟರು ಮಾಡಿದ ತಪ್ಪನ್ನೇ ಸುರಂಗವೂ ಮಾಡುತ್ತಿತ್ತು. ಮೇಲಾಗಿ ಆ ನಗುವಿಗೆ ಧೈರ್ಯ ಕೊಟ್ಟದ್ದು ನನ್ನ ಮೆಸೇಜು.

“ಯಪ್ಪಾ, ಬಂದದ ಅನಬ್ಯಾಡ್ರಿ! ಆ ಮಾತಾ ಬಿಡ್ರಿ. ಮ್ಯಾಲ ಬರ್ರಿ ಅನ್ರಿ.”

ಕೂಗಿದರು. ಒಳಗಿನಿಂದ ಉತ್ತರ: “ಯಾಕ? ಊಟಕ್ಕ ಇನ್ನಾ ಹೊತ್ತದ!”

“ಬರವಲ್ರವ್ವಾ” ಎಂದರು ಅಮರಪ್ಪ. ಅವರ ದನಿಯೂ ಈಗ ಬದಲಾಗಿತ್ತು. “ತಡಿ. ಕಾಲುವಿ ಮ್ಯಾಲಕಡಿಗೆ ಬೆಳ್ಳಕ್ಕಿ ಒಮ್ಮಿಗೇ ಎದ್ದಾವ. ಖರೇನಾ ಬರಾಕತ್ತದ.” ಆಮೇಲೆ ಸೈಫನ್ನಿಗೆ ಬಗ್ಗಿ, ಮೊದಲಿಗಿಂತ ಜೋರಾಗಿ ಕೂಗಿದರು.

“ಏ ನಾಗವ್ವಾ! ನಾಯಿ ಬಂದು ನಿಮ್ಮ ಬುತ್ತಿ ಗಂಟು ಎಳಕೊಂಡು ಹೊಂಟದ! ಎಲ್ಲಾ ಗಂಟು!”

ನಗು ನಿಂತಿತು.

“ಹೊಡಿ ಮತ್ತ! ನೋಡಕೋತ ನಿಂತೀಯೇನೋ ಭಾಡ್ಯಾ!” ಎಂದು ಬೈಯುತ್ತ ನಾಗಿ ಬರುತ್ತಿರುವುದು ಕೇಳಿತು. ಅವಳ ಹಿಂದೆ ಬಳೆಗಳ ಸದ್ದು, ಕೆಸರಿನಲ್ಲಿ ಕಾಲು ಕೀಳುವ ಸದ್ದು. “ಎಲ್ಲದ ನಾಯಿ? ಎಲ್ಲದ?” ಅಮರಪ್ಪ ಫೋನು ಅವಳ ಕಿವಿಗೆ ಹಿಡಿದಿರಬೇಕು.

“ನಾಗಿ, ಮೆಸೇಜ್ ಸುಳ್ಳು. ಗೇಟ್ ಎತ್ತ್ಯಾರ. ನೀರು ಹರದು ಬರಾಕತ್ತದ. ಎಲ್ಲಾರನ್ನೂ ಮ್ಯಾಲ ಕರಿ.”

ಅವಳು ಒಂದು ಮಾತೂ ಕೇಳಲಿಲ್ಲ. ಅವ್ವನ ಮಗಳು. ಫೋನು ನೆಲಕ್ಕೆ ಬಿತ್ತು, ಆದರೆ ಕಟ್ಟಾಗಲಿಲ್ಲ. ಅವಳು ಒಬ್ಬೊಬ್ಬರ ಹೆಸರು ಹಿಡಿದು ಕೂಗುವುದು ಕೇಳುತ್ತಿತ್ತು. ನಾಯಿಯನ್ನು ಓಡಿಸಲು ಹೆಚ್ಚಿನವರು ಅವಳ ಹಿಂದೆಯೇ ಬಂದಿದ್ದರು. ಒಂದು ಹೆಸರಿಗೆ ಮಾತ್ರ ಉತ್ತರ ಬರಲಿಲ್ಲ.

“ಹುಲಿಗೆವ್ವಾ! ಏ ಹುಲಿಗೆವ್ವಾ!”

“ಆಕಿ ಆ ಕಡಿ ತುದಿಗೆ ಇದ್ಲು” ಎಂದು ಯಾರೋ ಅಂದರು. ಒಂದು ಹುಡುಗಿ ಅಳಲು ಶುರು ಮಾಡಿದಳು. ಬೆಳಿಗ್ಗೆ ನನ್ನ ಮೆಸೇಜು ಓದಿ ಹೇಳಿದವಳು, ಹುಲಿಗೆಮ್ಮನ ಮಗಳು. ಆಮೇಲೆ ಅಮರಪ್ಪನ ದನಿ: “ನೀ ಒಳಗ ಹೋಗಬ್ಯಾಡ. ಮ್ಯಾಲೆ ಹಳ್ಳ ದಾಟಿ ಆ ಕಡಿ ಬಾಯಿಗೆ ಓಡು!” ಓಡುವ ಸದ್ದು. ಕುರಿಗಳ ಕೂಗು. ಆಮೇಲೆ ಮೌಲಾಸಾಬರ ಫೋನಿನಲ್ಲಿ ಕೇಳಿದ್ದ ಅದೇ ಸದ್ದು, ಭೋ ಎಂದು, ದೂರದಿಂದ ಹತ್ತಿರಕ್ಕೆ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ನಾನು ಕುರ್ಚಿಯಲ್ಲಿ ಕೂತಿದ್ದೆ. ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಸದ್ದಿಗೂ ಬೆಚ್ಚುತ್ತಿದ್ದೆ. ಸ್ಕ್ರೀನಿನ ಮೇಲೆ ಕನೆಕ್ಟರ್ ಹಸಿರು ತೋರಿಸುತ್ತಿತ್ತು. ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಎತ್ತಬೇಕಾದ್ದನ್ನು ಎತ್ತಿತ್ತು, ಹಾಕಬೇಕಾದ ಕಡೆ ಹಾಕಿತ್ತು. ಆ ಹಸಿರನ್ನು ನೋಡಲಾಗಲಿಲ್ಲ. ಪ್ರಣವ್‌ಗೆ ಫೋನು ಮಾಡಿ, “ಕನೆಕ್ಟರ್ ನಿಲ್ಲಿಸ್ರಿ” ಎಂದೆ.

“ಯಾಕೆ ಮೇಡಂ? ಚೆನ್ನಾಗೇ ಓಡ್ತಿದೆಯಲ್ಲ?”

“ಬಂದದ ಅಂದ್ರ ನೀರು ಬಂದಿದೆ ಅಂತ.”

“ಬಂದ್ ಆಗಿದೆ ಅಂತ ಅಲ್ವಾ? ಮಾನ್ವಿಯಲ್ಲಿ…” ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಕೀಲಿ ಒತ್ತುವ ಸದ್ದು ಕೇಳಿತು. “ನಿಲ್ಲಿಸಿದೆ” ಎಂದರು. ಆಮೇಲೆ ಬಹಳ ಮೆಲ್ಲಗೆ, “ಮೇಡಂ, ಯಾರಾದ್ರೂ ಕಾಲುವೆಯಲ್ಲಿ ಇದ್ರಾ?” ಎಂದು ಕೇಳಿದರು. ಹೌದು ಎಂದೆ. ಫೋನು ಇಡಲಿಲ್ಲ ಅವರು. ನಾವಿಬ್ಬರೂ ಹಾಗೆಯೇ ಫೋನು ಹಿಡಿದು ಕೂತೆವು.

ಇನ್ನೊಂದು ಕರೆ ಬಂತು. ಗೊತ್ತಿಲ್ಲದ ನಂಬರು. ಪ್ರಣವ್ ಅವರ ಕರೆಯನ್ನು ಹೋಲ್ಡ್‌ನಲ್ಲಿಟ್ಟು ಎತ್ತಿದೆ.

“ಅಕ್ಕಾ.”

ನಾಗಿ. ಅಮರಪ್ಪನ ಫೋನಿನಿಂದ.

“ಹುಲಿಗೆವ್ವ?”

“ಅದಾಳ. ಆ ಕಡಿ ಬಾಯಿಗೆ ಹೋಗಿ ಕೈ ಕೊಟ್ಟು ಎಳಕೊಂಡ್ವಿ. ಸೊಂಟದ ಮಟ ನೀರು ಬಂದಿತ್ತು. ಬುಟ್ಟಿ ಬಿಡವಲ್ಲಾಗಿದ್ಲು ಅಕ್ಕಾ, ಬುಟ್ಟಿ ಹಿಡಕೊಂಡಾ ನಿಂತಿದ್ಲು. ಬೈದು ಬಿಡಿಸೀನಿ.” ಆಮೇಲೆ ಸೇರಿಸಿದಳು: “ಸಲಿಕಿ, ಬುಟ್ಟಿ ಎಲ್ಲಾ ಹೋದ್ವು.”

“ಹೋಗಲಿ ಬಿಡು” ಎಂದೆ. ಆ ಕಡೆಯ ಕರೆಯಲ್ಲಿ ಕಾಯುತ್ತಿದ್ದ ಪ್ರಣವ್‌ಗೆ, ಎಲ್ಲರೂ ಮೇಲೆ ಬಂದರು ಎಂದು ತಿಳಿಸಿದೆ.

ಆ ಕನೆಕ್ಟರನ್ನು ಮತ್ತೆ ಚಾಲೂ ಮಾಡುವ ಮುಂಚೆ ಬಹಳ ಕೆಲಸ ಮಾಡಿದೆವು. ಖಾಲಿ ಜಾಗ ತೆಗೆಯುವ ಸಾಲನ್ನು ಅಳಿಸಿದೆವು. ಟೈಪ್ ಮಾಡುವುದನ್ನೇ ನಿಲ್ಲಿಸಿ ಎರಡು ಚಿತ್ರ ಇಟ್ಟೆವು; ಎತ್ತಿದ ಗೇಟು ಒಂದು, ಇಳಿಸಿದ ಗೇಟು ಒಂದು. ಸ್ಥಿತಿ ಒಂದು ಹೇಳಿ ಆಳ ಇನ್ನೊಂದು ಹೇಳಿದರೆ ಆ ಸುದ್ದಿ ಜನರಿಗೆ ಹೋಗದೆ ಬೇರೊಂದು ಟಾಪಿಕ್ಕಿಗೆ ಬಿದ್ದು ನನ್ನ ಫೋನು ಬಾರಿಸುತ್ತದೆ. ಮೌಲಾಸಾಬ್ ಚಾಚಾಗೂ ಹೇಳಿದೆವು, ಸೈಫನ್ನಿನ ಕೆಲಸ ಇದ್ದ ದಿನ ಮೊದಲಿನ ಹಾಗೆ ದಂಡೆಗುಂಟ ಹೋಗಿ, ಕಣ್ಣಿಂದ ನೋಡಿಯೇ ಗೇಟು ಎತ್ತಬೇಕೆಂದು. “ಸೊಂಟ ಹೋಗಲವ್ವಾ, ನಿದ್ದಿ ಬಂದರ ಸಾಕು” ಎಂದರು ಅವರು.

ಈ ಕೆಲಸ ನನಗೆ ಕಲಿಸಿದ್ದನ್ನು ಹೊಸದಾಗಿ ಸೇರುವವರಿಗೆ ಹೀಗೆ ಹೇಳುತ್ತೇನೆ. ಒಂದು ತಾಲೂಕಿನಲ್ಲಿ ಸರಿಯಾದದ್ದು ಪಕ್ಕದ ತಾಲೂಕಿನಲ್ಲಿ ಸರಿಯೆಂದು ನಂಬಬೇಡಿ. ಹೋಗಿ, ಗೇಟಿನ ಹತ್ತಿರ ಕೂತು, ಅವರು ಬಾಯಲ್ಲಿ ಏನನ್ನುತ್ತಾರೆ ಎಂದು ಕೇಳಿಕೊಂಡು ಬನ್ನಿ. ಸುದ್ದಿ ಮುಟ್ಟಿದೆ ಎಂದು ಸ್ಕ್ರೀನು ಹೇಳಿದರೆ, ಮುಟ್ಟಿದ್ದು ಯಾವ ಸುದ್ದಿ ಎಂದು ಓದಿದವರನ್ನೇ ಕೇಳಿ. ಮತ್ತೆ, ಎಚ್ಚರಿಕೆಯ ಮೆಸೇಜಿನಲ್ಲಿ ಕಾಲುವೆಗೆ ಏನಾಗಿದೆ ಎಂಬುದನ್ನು ಆಮೇಲೆ ಬರೆಯಿರಿ; ಓದುವವರು ಏನು ಮಾಡಬೇಕು ಎಂಬುದನ್ನು ಮೊದಲು ಬರೆಯಿರಿ. ಈಗ ನಮ್ಮ ಮೆಸೇಜು ‘ಕಾಲುವೆಯಿಂದ ಮೇಲೆ ಬನ್ನಿ’ ಎಂದು ಶುರುವಾಗುತ್ತದೆ. ಅಮರಪ್ಪನವರಿಗೆ ಅದೂ ಸಾಲದು ಎಂದು ಅನುಮಾನ. “ನಾಯಿದೂ ಒಂದು ಮಾತು ಸೇರಸವ್ವಾ, ಲಗೂನ ಬರ್ತಾರ” ಎನ್ನುತ್ತಾರೆ.

ಅವತ್ತು ಸಂಜೆ ನಾನು ಮನೆಗೆ ಹೋಗಲಿಲ್ಲ. ಅತ್ತೆಗೆ ಊಟಕ್ಕೆ ಹಾಕಿ ಗುಳಿಗೆ ಕೊಡಲು ಯಜಮಾನರಿಗೆ ಹೇಳಿ, ದೇವದುರ್ಗದ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಎಲ್ಲಿ ಕಾಲುವೆ ಕಂಡರೂ ಒಳಗೆ ನೀರಿದೆಯೋ ಎಂದು ಎದ್ದು ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು, “ಏನು ಕಳಕೊಂಡೀರವ್ವಾ?” ಎಂದು ಕೇಳಿದಳು.

ನಾಗಿಯ ಮನೆಯಲ್ಲಿ ಹುಲಿಗೆಮ್ಮ, ಅವಳ ಮಗಳು ಇಬ್ಬರೂ ಇದ್ದರು. ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಕೈಬೆರಳು ಇನ್ನೂ ಬುಟ್ಟಿಯ ಅಂಚು ಹಿಡಿದ ಹಾಗೆಯೇ ಮಡಚಿದ್ದವು. ನನ್ನನ್ನು ನೋಡಿ, “ನಾಯಿ ಎಲ್ಲದವ್ವಾ, ನೀನಾರ ಕಂಡೇನು?” ಎಂದಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ತಿಕ್ಕಿದೆ. ನಾಗಿ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಸಿಟ್ಟೋ, ಸುಸ್ತೋ ತಿಳಿಯಲಿಲ್ಲ.

ಅಷ್ಟರಲ್ಲಿ ಓಣಿಯಿಂದ ಯಾರೋ ಕೂಗಿದರು: “ನೀರು ಬಂದದ!”

ನಾವು ನಾಲ್ವರೂ ಹಾಗೆಯೇ ಕಲ್ಲಾದೆವು. ಹುಲಿಗೆಮ್ಮನ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಮೊದಲು ಎದ್ದವಳು ನಾಗಿ. ಬಾಗಿಲಿಗೆ ಹೋಗಿ, ಸೆರಗು ಸಿಕ್ಕಿಸಿ, ಓಣಿಗೆಲ್ಲ ಕೇಳುವಂತೆ ಕೇಳಿದಳು.

“ಬಂದದೋ, ಬಂದ್ ಅದೋ? ಸರಿಯಾಗಿ ಹೇಳಬೇ!”

“ನಳ ಬಿಟ್ಟಾರ ಬೇ! ಕೊಡ ತಗೊಂಡು ಬಾ!”

ಆಗ ನಾಗಿ ತಿರುಗಿ ನನ್ನ ಕಡೆ ನೋಡಿದಳು, ಆ ದಿನ ಮೊದಲ ಸಲ. ನಕ್ಕಳು. ನಗುತ್ತಲೇ ಅತ್ತಳು. ಒಂದು ಕೊಡ ನನ್ನ ಕೈಗೆ ಕೊಟ್ಟು, “ನಡಿ, ಹಿಡಿಯೂಣು” ಎಂದಳು.

ಊಟಕ್ಕೆ ಹೊಸದಾಗಿ ಏನೂ ಮಾಡಲಿಲ್ಲ. ನಾಯಿ ಒಯ್ದಿತ್ತೆನ್ನಲಾದ ಬುತ್ತಿಯ ಗಂಟನ್ನೇ ಬಿಚ್ಚಿದೆವು. ಒಣಗಿದ ರೊಟ್ಟಿ, ಶೇಂಗಾ ಚಟ್ನಿ, ಒಡೆದ ಉಳ್ಳಾಗಡ್ಡಿ. ಅದರ ಜೊತೆಗೆ ನಾನು ಮುಟ್ಟದೆ ತಂದಿದ್ದ ನನ್ನ ಡಬ್ಬಿಯ ಪುಂಡಿ ಪಲ್ಯ. ಎರಡು ರೊಟ್ಟಿ ಅಮರಪ್ಪನಿಗೆ ಅಲ್ಲೇ ಕೊಟ್ಟು ಬಂದಿದ್ದರಂತೆ. ಮೊದಲು ಮಲಗಿದ್ದು ಹುಲಿಗೆಮ್ಮನ ಮಗಳು, ಅವಳ ಬೆನ್ನಿಗೇ ಹುಲಿಗೆಮ್ಮ. ನಾಗಿ ತಾನು ಎಚ್ಚರವಿರುತ್ತೇನೆ, ನೀ ಮಲಗು ಎಂದು ನನಗೆ ಹೇಳುತ್ತಲೇ ಕಣ್ಣು ಮುಚ್ಚಿದಳು. ನಾನು ಅವಳ ಪಾದದ ಮೇಲೆ ಕೈಯಿಟ್ಟುಕೊಂಡು, ಮೂಲೆಯಲ್ಲಿ ತುಂಬಿ ನಿಂತಿದ್ದ ಕೊಡಗಳನ್ನು ನೋಡುತ್ತ ಎಲ್ಲರಿಗಿಂತ ಕೊನೆಗೆ ಮಲಗಿದೆ.